ನಾದಿನಿ ಕಳುಹಿಸಿದ ಹನ್ನೆರಡನೆಯ ಬಗೆ

ನನ್ನ ನಾದಿನಿ ತೀರಿಕೊಂಡ ಸುದ್ದಿ ಬಂದಾಗ ನಾನು ಅವಳ ಜೊತೆಯೇ ಜಗಳವಾಡುತ್ತಿದ್ದೆ. ಅವಳು ಎದುರಿಗಿರಲಿಲ್ಲ, ಅವಳು ಸಿದ್ಧಮಾಡಿ ಕಳುಹಿಸಿದ್ದ ಯಂತ್ರ ಇತ್ತು. ಪರದೆಯ ಮೇಲೆ ಒಂದು ಸಾಲು ಮೂಡಿತ್ತು: ‘ಮೆಮೊರಿಯ ಬಗೆ ಹನ್ನೆರಡು, ಗುರುತಿಲ್ಲ.’

“ಇದ್ಯಾರನ್ನ ಕಳಿಸಿದ್ದೀಯೆ ತಾಯಿ? ಒಂದು ಮಾತು ಹೇಳಿ ಕಳಿಸೋಕೆ ಏನಾಗಿತ್ತು?” ಎಂದು ಗೊಣಗುತ್ತಿದ್ದೆ. ಅಷ್ಟರಲ್ಲಿ ನಮ್ಮವರ ಫೋನು ಬಂತು.

“ತಂಗಿ ಬೆಳಿಗ್ಗೆ ಏಳಲೇ ಇಲ್ಲ ಕಣೇ,” ಎಂದರು.

ನಾನು ಕುಳಿತಲ್ಲೇ ಕೈಮುಗಿದೆ. ನೋವಿಲ್ಲದೆ ಕರೆದುಕೊಂಡೆಯಲ್ಲ ದೇವರೇ, ಅಷ್ಟು ಉಪಕಾರ ಮಾಡಿದೆ ಎಂದುಕೊಂಡೆ. ಕಣ್ಣೀರು ಆಮೇಲೆ ಬಂತು.

ನಾವಿಬ್ಬರೂ ಒಂದೇ ಕಾರ್ಯಾಗಾರದಲ್ಲಿ ಮುದುಕಿಯರಾದವರು. ಆಸ್ಪತ್ರೆಗಳಿಗೆ ಬೇಕಾದ ಗಣಕಯಂತ್ರಗಳನ್ನು ಅಲ್ಲಿ ಮಾಡುತ್ತಾರೆ. ಯಂತ್ರಕ್ಕೆ ಜೀವ ಬಂದೊಡನೆ ಮೊದಲು ಎಚ್ಚರಾಗುವ ತಂತ್ರಾಂಶ ಫರ್ಮ್‌ವೇರ್. ಅದು ಅವಳ ಕೆಲಸ. ಅದು ಎದ್ದು ಮೆಮೊರಿಯನ್ನೆಲ್ಲ ಒಂದು ಸುತ್ತು ನೋಡಿ, ಇಲ್ಲಿಂದ ಇಲ್ಲಿಯವರೆಗೆ ಮಾಮೂಲಿ ಜಾಗ, ಬಳಸಿಕೊಳ್ಳಿ; ಇದು ನನ್ನದು, ಮುಟ್ಟಬೇಡಿ ಎಂದು ಪ್ರತಿಯೊಂದಕ್ಕೂ ಬಗೆಯ ಸಂಖ್ಯೆ ಕೊಟ್ಟು ಒಪ್ಪಿಸುತ್ತದೆ. ಆಮೇಲೆ ಏಳುವುದು ಯಂತ್ರವನ್ನೆಲ್ಲ ಆಳುವ ತಂತ್ರಾಂಶ, ಕರ್ನೆಲ್. ಮೆಮೊರಿಯನ್ನು ಯಾರಿಗೆ ಎಷ್ಟು ಎಂದು ಹಂಚುವುದು ಅದು. ಅದು ನನ್ನ ಕೆಲಸ.

“ಮೊದಲೆದ್ದು ಕಸ ಗುಡಿಸೋದು ನಾನು, ಆಮೇಲೆದ್ದು ದರ್ಬಾರು ಮಾಡೋದು ನೀವು. ಅತ್ತಿಗೆ ಅಂದ್ರೆ ಇಷ್ಟೇ ಅಲ್ವಾ?” ಎಂದು ಅವಳು ಎಲ್ಲರೆದುರು ಛೇಡಿಸುತ್ತಿದ್ದಳು. ಅವಳ ಬಾಯಿಂದ ಕೇಳಿ ಕೇಳಿ ಕಾರ್ಯಾಗಾರದವರೆಲ್ಲ, ಮಾಲೀಕರೂ ಸೇರಿ, ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಾರೆ.

ಈ ಸಲ ಅವಳು ಯಂತ್ರದಲ್ಲಿ ಕೂಡಿಸಿದ್ದು ಹೊಸ ಮೆಮೊರಿ. ಕರೆಂಟು ಹೋದರೂ ಬರೆದದ್ದನ್ನು ಅದು ಮರೆಯುವುದಿಲ್ಲ. ಹಸುಗೂಸುಗಳ ವಾರ್ಡಿಗೆ ಹೋಗಬೇಕಾದ ಯಂತ್ರವದು. ಹಳೆಯ ಯಂತ್ರ ನಿಂತರೆ, ಪುನಃ ಎದ್ದು ಮಕ್ಕಳ ಉಸಿರು, ನಾಡಿಯ ಲೆಕ್ಕ ಹುಡುಕಿಕೊಳ್ಳುವವರೆಗೂ ದಾದಿಯರು ಜೀವ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದರು. ಅದನ್ನು ನೋಡಿ ಬಂದ ದಿನದಿಂದ ಅವಳಿಗೆ ಇದೇ ಧ್ಯಾನ. ಆ ಮೆಮೊರಿಗೆ ಅವಳು ಕೊಟ್ಟಿದ್ದ ಸಂಖ್ಯೆ ಹನ್ನೆರಡು.

“ಹೊಸ ನೆಂಟನ್ನ ಕಳಿಸ್ತಾ ಇದ್ದೀನಿ ಅತ್ತಿಗೆ, ನಿಮ್ಮ ಕರ್ನೆಲ್ ಮುಖ ಸಿಂಡರಿಸದೆ ಇದ್ರೆ ಸಾಕು,” ಎಂದು ನಕ್ಕಿದ್ದಳು. ಉಳಿದದ್ದನ್ನು ಬಂದು ಹೇಳುತ್ತೇನೆ ಎಂದವಳು ಬರಲಿಲ್ಲ.

ಅಂತ್ಯಕ್ರಿಯೆಯ ಮರುದಿನ ಮಾಲೀಕರು ಮನೆಗೆ ಬಂದರು. ಕಣ್ಣೊರೆಸಿಕೊಂಡರು, ಆಮೇಲೆ ಮೆತ್ತಗೆ ಹೇಳಿದರು: “ಅತ್ತಿಗೆ, ಸೋಮವಾರ ಯಂತ್ರ ಆಸ್ಪತ್ರೆಗೆ ಹೋಗಲೇಬೇಕು. ಆ ಹೊಸ ಮೆಮೊರಿ ಚಿಪ್ಪು ಕೆಲಸಕ್ಕೆ ಬರದಿದ್ರೆ ಕಿತ್ತು ಮಾಮೂಲಿದು ಹಾಕಿಬಿಡ್ತೀವಿ. ಬೇಜಾರು ಮಾಡ್ಕೋಬೇಡಿ.”

ಬೇಜಾರಾಗದೆ ಇರುತ್ತದೆಯೇ? ಅವಳ ಕೊನೆಯ ಕೆಲಸವನ್ನು ಹಲ್ಲು ಕಿತ್ತಂತೆ ಕಿತ್ತು ಡಬ್ಬಿಗೆ ಹಾಕುತ್ತಾರಲ್ಲ! ಆ ಮಧ್ಯಾಹ್ನವೇ ಕಾರ್ಯಾಗಾರಕ್ಕೆ ಹೋದೆ.

ಅಲ್ಲಿ ಗಡಿಬಿಡಿ ಕಾದಿದ್ದ. ಹೊಸ ಮೆಮೊರಿಯನ್ನು ನಡೆಸಬಲ್ಲ ಡ್ರೈವರ್ ಎಂಬ ತಂತ್ರಾಂಶವನ್ನು ನಾದಿನಿಯ ಜೊತೆ ಕುಳಿತು ಬರೆದವನು ಅವನು. ಎರಡು ಮಕ್ಕಳ ತಂದೆ, ಆದರೂ ಎಲ್ಲದಕ್ಕೂ ಅವಸರ. ಆ ಹೆಸರಿಟ್ಟವಳೂ ನಾದಿನಿಯೇ.

“ಅತ್ತಿಗೆ, ಹನ್ನೆರಡು ಅಂದ್ರೂ ಮಾಮೂಲಿ ಮೆಮೊರಿನೇ ಅಂತ ಕರ್ನೆಲ್‌ಗೆ ಹೇಳಿಬಿಡಿ. ಕೆಲಸ ಮುಗೀತು!”

“ಗೊತ್ತಿಲ್ಲದ್ದನ್ನ ಮುಟ್ಟಬಾರದು ಅಂತ ನಮ್ಮ ಹಿರಿಯರು ಸುಮ್ಮನೆ ಬರೆದಿಟ್ಟಿಲ್ಲಪ್ಪ. ಅದು ಮೆಮೊರಿನೇ ಅಲ್ಲದೆ ಯಾವುದೋ ಸಾಧನದ ಬಾಗಿಲಾಗಿದ್ರೆ?”

“ಇದು ಮೆಮೊರಿನೇ ಅಂತ ನಮಗೆ ಗೊತ್ತಲ್ಲ!”

ಅವನ ಸಮಾಧಾನಕ್ಕೆ ಹಾಗೇ ಮಾಡಿ ನೋಡಿದೆವು. ಯಂತ್ರ ಎದ್ದಿತು, ಗಡಿಬಿಡಿ ಚಪ್ಪಾಳೆ ತಟ್ಟಿದ. ಆದರೆ ಮಕ್ಕಳ ಲೆಕ್ಕ ಇರಬೇಕಾದ ಜಾಗವನ್ನು ತೆರೆದರೆ, ಮಾಮೂಲಿ ಜಾಗವೆಂದು ನಂಬಿದ ಕರ್ನೆಲ್ ಅಲ್ಲೆಲ್ಲ ತನ್ನ ಗಂಟುಮೂಟೆ ಹರಡಿಕೊಂಡು ಕುಳಿತಿತ್ತು.

“ಅತಿಥಿ ಕೋಣೆಗೆ ಈರುಳ್ಳಿ ಮೂಟೆ ಹಾಕಿದ ಹಾಗಾಯ್ತು,” ಎಂದೆ.

ಹಳೆಯ ನಿಯಮಕ್ಕೇ ಮರಳಿದೆವು. ಈಗ ಕರ್ನೆಲ್ ಆ ಜಾಗವನ್ನು ಮುಟ್ಟಲಿಲ್ಲ, ಗಡಿಬಿಡಿಯ ಡ್ರೈವರ್‌ಗೂ ಕೊಡಲಿಲ್ಲ. ಎಷ್ಟು ಸಲ ಕೇಳಿದರೂ ‘ಬಳಕೆಯಲ್ಲಿದೆ’ ಎಂದೇ ಉತ್ತರ.

“ಯಾರು ಬಳಸ್ತಾ ಇದ್ದಾರಂತೆ? ದೆವ್ವವಾ?” ಎಂದು ಅವನು ತಲೆ ಕೆರೆದುಕೊಂಡ. ನನಗೂ ಹೊಳೆಯಲಿಲ್ಲ. ಭಾನುವಾರವೂ ಬರುತ್ತೇನೆಂದು ಹೇಳಿ ಮನೆಗೆ ಹೊರಟೆ.

ಮನೆ ತುಂಬ ಜನ. ನಮ್ಮವರು ಮುಂದಿನ ಕೋಣೆಯ ಬಾಗಿಲನ್ನು ಮುಚ್ಚಿ ಅದರ ಮುಂದೆ ಕಾವಲಿನವರಂತೆ ನಿಂತಿದ್ದರು. ನಾದಿನಿಯ ಮಗಳು ಅತ್ತಿಂದಿತ್ತ ಓಡಾಡುತ್ತಿದ್ದಳು.

“ಅತ್ತೆ, ಅಮ್ಮನಿಗೆ ಈಜು ಕಲಿಸಿದ ಮೇಷ್ಟ್ರು ಬರ್ತೀನಿ ಅಂದಿದ್ರು. ಎಷ್ಟು ಹೊತ್ತಾಯ್ತು, ದಾರಿ ತಪ್ಪಿದ್ರೋ ಏನೋ. ಆ ಕೋಣೆಯ ಕಿಟಕಿಯಿಂದ ಬೀದಿ ನೋಡೋಣ ಅಂದ್ರೆ ಮಾವ ಬಿಡ್ತಾ ಇಲ್ಲ!”

“ಹೇಗೆ ಬಿಡ್ಲಿ? ಒಳಗೆ ಯಾರೋ ಇದ್ದಾರೆ,” ಎಂದರು ನಮ್ಮವರು.

“ಯಾರು?” ಎಂದೆ.

“ಯಾರೋ ಹಿರಿಯರು. ಗುರುತು ಸಿಗಲಿಲ್ಲ. ನೀವ್ಯಾರು ಅಂತ ಕೇಳಿದ್ರೆ ಮನಸ್ಸಿಗೆ ನೋವಾಗಲ್ವಾ? ಒಳ್ಳೆ ಕುರ್ಚಿ ಹಾಕಿ, ನೀರು ಕೊಟ್ಟು, ಯಾರೂ ತೊಂದರೆ ಕೊಡಬಾರದು ಅಂತ ಬಾಗಿಲು ಹಾಕಿದೆ.”

ಆಗ ಬಾಗಿಲು ಸ್ವಲ್ಪ ತೆರೆಯಿತು. ಬಿಳಿ ಮೀಸೆಯ ಮುದುಕರೊಬ್ಬರು ತಲೆ ಹೊರಹಾಕಿ ಕೇಳಿದರು: “ಸ್ವಾಮಿ, ನಾನಿನ್ನು ಹೊರಗೆ ಬರಬಹುದಾ?”

“ಮೇಷ್ಟ್ರೇ!” ಎಂದು ಹುಡುಗಿ ಕೂಗಿದಳು.

ನಮ್ಮ ಮನೆಯಲ್ಲಿ ಸುದ್ದಿ ಬಂದಂದಿನಿಂದ ಯಾರೂ ನಕ್ಕಿರಲಿಲ್ಲ. ಈಗ ಒಬ್ಬರು ಶುರುಮಾಡಿದರು, ಆಮೇಲೆ ಎಲ್ಲರೂ. ನಮ್ಮವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೊನೆಗೆ ನಿಜವಾಗಿಯೂ ಅತ್ತರು. ಮೇಷ್ಟ್ರು ಅವರ ಪಕ್ಕದಲ್ಲೇ ಕುಳಿತು ಹೇಳತೊಡಗಿದರು: “ಮೊದಲ ದಿನ ನಿಮ್ಮ ತಂಗಿ ನೀರಿಗೇ ಇಳೀಲಿಲ್ಲ ನೋಡಿ. ಇಲ್ಲಿ ಎಷ್ಟು ಆಳ, ಅಲ್ಲಿ ಎಷ್ಟು ಆಳ ಅಂತ ಕೊಳದ ಸುತ್ತ ನನ್ನನ್ನ ನಡೆಸಿ ನಡೆಸಿ ಸುಸ್ತು ಮಾಡಿದ್ರು. ಎಲ್ಲ ತಿಳ್ಕೊಂಡ ಮೇಲೆ ಕಪ್ಪೆ ಹಾರಿದ ಹಾಗೆ ದುಡುಂ ಅಂತ ಹಾರಿದ್ರು. ಈಜು ಬರ್ತಿರಲಿಲ್ಲ, ಅದು ಬೇರೆ ಮಾತು!”

ನಾನೂ ನಕ್ಕೆ. ನಗುತ್ತಲೇ ನಮ್ಮವರ ಮುಖ ನೋಡಿದೆ. ಇವರು ಮಾಡಿದ್ದರಲ್ಲಿ ತಪ್ಪೇನು? ಗುರುತಿಲ್ಲದವರನ್ನು ಗೌರವದಿಂದ ಬೇರೆ ಕೂರಿಸಿದ್ದು ಸರಿ. ಆ ಕೋಣೆಯಲ್ಲಿ ಬೇರೆ ಸಾಮಾನು ತುಂಬದೆ ಇದ್ದದ್ದೂ ಸರಿ. ಆದರೆ ಅವರನ್ನು ಬಲ್ಲವಳೇ ಬಂದು ನಿಂತಾಗ ಒಳಗೆ ಬಿಡದೆ ಹೋದರಲ್ಲ! ನಮ್ಮ ಕರ್ನೆಲ್ ಮಾಡುತ್ತಿದ್ದುದೂ ಅದನ್ನೇ. ಗೊತ್ತಿಲ್ಲದ ಜಾಗವನ್ನು ತಾನು ಮುಟ್ಟದೆ ಬಿಡುವುದಲ್ಲದೆ, ಅದರ ಮೇಲೆ ‘ಬಳಕೆಯಲ್ಲಿದೆ’ ಎಂಬ ಮುದ್ರೆಯನ್ನೂ ಒತ್ತುತ್ತಿತ್ತು.

ಭಾನುವಾರ ನಾನು ಬದಲಿಸಿದ್ದು ಬಹಳ ಕಡಿಮೆ. ಗುರುತಿಲ್ಲದ ಬಗೆಯನ್ನು ಕರ್ನೆಲ್ ಮೊದಲಿನಂತೆಯೇ ಮೀಸಲಾಗಿಡಬೇಕು, ಯಾರಿಗೂ ತಾನಾಗಿ ಹಂಚಬಾರದು. ಆದರೆ ಮುದ್ರೆ ಒತ್ತಬಾರದು. ಆ ಬಗೆಯನ್ನು ಬಲ್ಲ ಡ್ರೈವರ್ ಸಂಖ್ಯೆ ಹೇಳಿ ಕೇಳಿದರೆ ಬಿಟ್ಟುಕೊಡಬೇಕು.

ಗಡಿಬಿಡಿ ಉಸಿರು ಬಿಗಿಹಿಡಿದು ಡ್ರೈವರ್ ನಡೆಸಿದ. ಈ ಸಲ ಕರ್ನೆಲ್ ತಕರಾರಿಲ್ಲದೆ ದಾರಿಬಿಟ್ಟಿತು.

ಮಾಲೀಕರಿಗೆ ನಂಬಿಕೆ ಬರಲಿಲ್ಲ. “ಏನಾದ್ರೂ ಬರೀರಿ, ನಾನೇ ಕರೆಂಟು ತೆಗೀತೀನಿ,” ಎಂದರು. ಗಡಿಬಿಡಿ ‘ಮಾಲೀಕರು ಜಿಪುಣರು’ ಎಂದು ಬರೆದ. ಅವರು ಪ್ಲಗ್ಗನ್ನೇ ಕಿತ್ತರು. ಪರದೆ ಕಪ್ಪಾಯಿತು. ಮತ್ತೆ ಚುಚ್ಚಿದಾಗ ಯಂತ್ರ ಎದ್ದು, ಮಾಲೀಕರು ಜಿಪುಣರು ಎಂದು ಸಾರಿತು.

“ಮರೆಯಲ್ಲ ಅಂತೀರಾ?” ಎಂದರು ಅವರು, ಹುಬ್ಬು ಗಂಟಿಕ್ಕಿ.

“ಅಷ್ಟು ದೊಡ್ಡ ಸತ್ಯನ ಯಾರು ಮರೀತಾರೆ?” ಎಂದ ಗಡಿಬಿಡಿ.

ಮಾಲೀಕರು ಅವನ ಬೆನ್ನಿಗೆ ಗುದ್ದಿ ನಕ್ಕರು. “ಚಿಪ್ಪು ಮುಟ್ಟಬೇಡಿ. ಹೀಗೇ ಹೋಗಲಿ,” ಎಂದರು. ಗಡಿಬಿಡಿ ಆನಂದದಲ್ಲಿ ಮೇಜುಗಳ ನಡುವೆ ಒಂದು ಸುತ್ತು ಕುಣಿದೇಬಿಟ್ಟ.

ಸೋಮವಾರ ನಾನೂ ವಾರ್ಡಿಗೆ ಹೋಗಿದ್ದೆ. ಯಂತ್ರ ಜೋಡಿಸಿ ಮುಗಿಸಿದಾಗ ಅಂಗೈಯಷ್ಟಿದ್ದ ಒಂದು ಕೂಸು ಆಕಳಿಸಿತು, ಅದರ ನಾಡಿ ಪರದೆಯ ಮೇಲೆ ಹಸಿರಾಗಿ ಓಡಿತು. ದಾದಿ ನನ್ನ ಕೈ ಹಿಡಿದು, “ಇದನ್ನ ಮಾಡಿದೋರು ಚೆನ್ನಾಗಿರಲಿ,” ಎಂದಳು. ಮಾಡಿದವಳು ಇಲ್ಲವೆಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಆ ಹರಕೆ ಅವಳಿಗೆ ಮುಟ್ಟಲಿ ಎಂದು ಅಲ್ಲೇ ಕಣ್ಣು ಮುಚ್ಚಿದೆ.

ದೇವರೇ, ನಮ್ಮ ಹುಡುಗಿ ನಿನ್ನಲ್ಲಿಗೆ ಬಂದಿದ್ದಾಳೆ. ದುಡಿದು ದಣಿದ ಜೀವ. ಅವಳ ಭಾರವನ್ನೆಲ್ಲ ಇಳಿಸು, ಭಯವಿಲ್ಲದ ಕಡೆ ಇರಿಸು. ಅವಳ ಆತ್ಮಕ್ಕೆ ಶಾಂತಿ ಕೊಡು, ತಂದೆ.