ಭೈರ್ಯಾನ ಸೋಮವಾರ

ಮಸ್ಕಿಯ ಕಸ್ತೂರೆಮ್ಮನ ಮನೆಯಲ್ಲಿ ಶ್ರಾವಣ ಸೋಮವಾರ ಎಲ್ಲರಿಗೂ ಉಪವಾಸ. ಆಕೆಗೆ ಉಪವಾಸ, ಗಂಡ ಕರಿಬಸಯ್ಯನಿಗೆ ಉಪವಾಸ, ಅವರ ನಾಯಿ ಭೈರ್ಯಾನಿಗೂ ಉಪವಾಸ. "ನಮ್ಮ ನಾಯಿ ಸೋಮವಾರ ಹಿಡೀತದ" ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗುವ ಹೆಮ್ಮೆ ಬೇರೆ. ಭೈರ್ಯಾನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಈ ಬೇಸಿಗೆಯಲ್ಲಿ ಭೈರ್ಯಾ ಕೊಡಗಟ್ಟಲೆ ನೀರು ಕುಡಿಯತೊಡಗಿದ. ಹೊಸ್ತಿಲಲ್ಲೇ ಉಚ್ಚೆ. ಎಷ್ಟು ತಿಂದರೂ ಸೊರಗಿದ. ಕಸ್ತೂರೆಮ್ಮ ದೃಷ್ಟಿ ತೆಗೆದಳು, ನೀರಿನ ಬೋಗುಣಿ ಎತ್ತಿಟ್ಟಳು. ಎರಡೂ ದಂಡ. ಕೊನೆಗೆ ಗಂಡಹೆಂಡತಿ ಸಿಂಧನೂರಿಗೆ ಕರೆದೊಯ್ದರು. ಪಶುವೈದ್ಯೆ ಶಿವಕುಮಾರಿ ರಕ್ತ ಪರೀಕ್ಷೆ ಮಾಡಿ ಹೇಳಿದರು:

"ಇವಂಗ ಸಕ್ಕರಿ ಕಾಯಿಲೆ ಅದ. ಮುಂಜಾನಿ, ಸಂಜಿ ಹೊತ್ತಿಗೆ ಸರಿಯಾಗಿ ಊಟ. ಊಟ ಆದಮ್ಯಾಲ ಇನ್ಸುಲಿನ್ ಸೂಜಿ. ಅಳತಿ ನಾ ಹೇಳಿದಷ್ಟೇ."

ಕಸ್ತೂರೆಮ್ಮ ಸೂಜಿ ಹಾಕಲು ಕಲಿತಳು. ಭೈರ್ಯಾ ಮೈತುಂಬಿಕೊಂಡ. ಅಷ್ಟರಲ್ಲಿ ಶ್ರಾವಣ ಬಂತು.

ಮೊದಲ ಸೋಮವಾರ ಕಸ್ತೂರೆಮ್ಮ ಸೂಜಿ ಹಾಕಿದಳು, ಅನ್ನ ಹಾಕಲಿಲ್ಲ. "ಔಷಧನೂ ತಪ್ಪಲಿಲ್ಲ, ವ್ರತಾನೂ ತಪ್ಪಲಿಲ್ಲ" ಎಂದು ನಿರಾಳವಾದಳು.

ಹೊತ್ತೇರುವಷ್ಟರಲ್ಲಿ ಭೈರ್ಯಾ ತೂರಾಡಿ, ಗೋಡೆಗೆ ಹಾಯ್ದು ಬಿದ್ದ. ಮೈ ನಡುಗುತ್ತಿತ್ತು.

"ಏನ್ರೀ, ಇವಂಗ ಯಾರೋ ಹೆಂಡ ಕುಡಿಸ್ಯಾರ ನೋಡ್ರಿ."

ಕರಿಬೇವು ಕೇಳಲು ಬಂದಿದ್ದ ಪಕ್ಕದ ಮನೆಯ ಶಂಶಾದ್‌ಬೀ ಇಣುಕಿದಳು. ಆಕೆಗೂ ಸಕ್ಕರೆ ಕಾಯಿಲೆ, ಆಕೆಗೂ ದಿನಾ ಇನ್ಸುಲಿನ್.

"ಮುಂಜಾನಿ ಏನ್ ತಿಂದಾನ?"

"ಇವತ್ತ ಸೋಮವಾರ ಅಲ್ಲೇನ್ವಾ."

"ಸೂಜಿ?"

"ಹಾಕೀನಿ."

"ಯಾ ಅಲ್ಲಾ. ಖಾಲಿ ಹೊಟ್ಟಿಗೆ ಸೂಜಿ ಬಿದ್ದು ಶುಗರ್ ಪೂರ್ತಿ ಇಳದದ. ನನಗೂ ಒಮ್ಮೆ ಹಿಂಗ ಆಗಿತ್ತು. ಜೇನುತುಪ್ಪ ತಾ."

ಜೇನು ಇದ್ದದ್ದು ದೇವರ ಜಗಲಿ ಮೇಲೆ. ಕಸ್ತೂರೆಮ್ಮ ತಡವರಿಸಿದಳು. "ಅದು ಅಭಿಷೇಕದ್ದು..."

"ಒಂದು ಬಟ್ಟಲ ಜೇನಿಗೆ ನಿಮ್ಮ ಶಿವ ಸಿಟ್ಟಾಗ್ತಾನೇನು? ಜೀವ ಹೋಗಾಕತ್ತದ, ತಾ."

ತಂದಳು. ಕರಿಬಸಯ್ಯ ಡಾಕ್ಟರಿಗೆ ಫೋನ್ ಹಚ್ಚಿದ. ಅವರೂ ಅದನ್ನೇ ಹೇಳಿದರು: "ವಸಡಿಗೆ ತಿಕ್ಕರಿ. ಬಾಯಾಗ ಸುರೀಬ್ಯಾಡ್ರಿ, ಉಸಿರು ಕಟ್ತದ. ತಲಿ ಎತ್ತಿದ ಕೂಡಲೇ ಅನ್ನ ಕೊಟ್ಟು, ಇಲ್ಲಿಗೆ ಕರಕೊಂಡು ಬರ್ರಿ."

ಕಸ್ತೂರೆಮ್ಮ ಬೆರಳಿಗೆ ಜೇನು ಹಚ್ಚಿಕೊಂಡು ವಸಡಿಗೆ ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಭೈರ್ಯಾ ಕಣ್ಣು ಬಿಟ್ಟು, ಆಕೆಯ ಬೆರಳು ನೆಕ್ಕಿದ. ಆಕೆ ಅಳುತ್ತಲೇ ಅನ್ನದ ತಾಟು ಇಟ್ಟಳು.

ಸಂಜೆ ಆಸ್ಪತ್ರೆಯಿಂದ ಮರಳಿದ ಮೇಲೆ ಆಕೆ ಕೇಳಿದಳು: "ಶಂಶಾದಕ್ಕಾ, ನೀ ರಂಜಾನ್ ರೋಜಾ ಹ್ಯಾಂಗ ಹಿಡೀತಿ?"

"ಡಾಕ್ಟರನ್ನ ಕೇಳಿ ಹಿಡೀತೀನಿ. ಬ್ಯಾಡ ಅಂದ ವರ್ಷ ಬಿಟ್ಟೀನಿ. ನನಗ ಬಾಯಿ ಅದ, ಕೇಳ್ತೀನಿ. ಭೈರ್ಯಾ ಯಾರನ್ನ ಕೇಳ್ಬೇಕವ್ವಾ?"

ಮುಂದಿನ ಸೋಮವಾರ ಭೈರ್ಯಾ ಮೊದಲು ಉಂಡ, ಆಮೇಲೆ ಸೂಜಿ ಹಾಕಿಸಿಕೊಂಡ.

"ಇವನ ಪಾಲಿನ ಉಪವಾಸನೂ ನಾನೇ ಮಾಡ್ತೀನಿ" ಎಂದಳು ಕಸ್ತೂರೆಮ್ಮ.

"ಹಂಗಾರ ನನ್ನ ಪಾಲಿಂದೂ ಮಾಡಿಬಿಡು" ಎಂದ ಕರಿಬಸಯ್ಯ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿ, ಬೆಕ್ಕು ಅತಿಯಾಗಿ ನೀರು ಕುಡಿದು ಸೊರಗುತ್ತಿದ್ದರೆ ಬೋಗುಣಿ ಬಚ್ಚಿಡಬೇಡಿ, ಪಶುವೈದ್ಯರಿಗೆ ತೋರಿಸಿ. ಇನ್ಸುಲಿನ್ ಸೂಜಿ ಹಾಕುವ ಮುಂಚೆ ಅದು ಉಂಡಿದೆಯೇ ನೋಡಿ. ಉಣ್ಣದಿದ್ದರೆ ಸೂಜಿ ಹಾಕಬೇಡಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ವ್ರತ ಹಿಡಿದವರು ನೀವು. ಅದರ ತಾಟಿಗೆ ಅನ್ನ ಹಾಕಿ.