ಬಾವಿಗೆ ಬಂದ ಹಸಿರು ಬಣ್ಣ

ಆ ಓಣಿಯ ಹನ್ನೊಂದು ಮನೆಗಳಿಗೆ ಇರುವುದು ಒಂದೇ ಬಾವಿ. ಎರಡು ತಿಂಗಳಿಂದ ಅದರ ನೀರು ಕುಡಿದ ಮಕ್ಕಳಿಗೆಲ್ಲ ವಾಂತಿ ಭೇದಿ. ಟೈಲರಮ್ಮನ ಮೊಮ್ಮಗಳನ್ನಂತೂ ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕಾಯಿತು.

"ಎಲ್ಲಾ ಆ ಬಣ್ಣದವನದ್ದೇ ಕಿತಾಪತಿ," ಎಂದು ಗಾರೆ ಮೇಸ್ತ್ರಿ ಸಿಕ್ಕಸಿಕ್ಕವರಿಗೆ ಹೇಳಿದ. ಬಣ್ಣದವನೆಂದರೆ ಓಣಿಯ ತುದಿಯಲ್ಲಿ ನೂಲಿಗೆ ಬಣ್ಣ ಹಾಕುವವನು. ಜನ ಅವನೊಡನೆ ಮಾತು ಬಿಟ್ಟರು.

ಮೇಸ್ತ್ರಿಗೆ ಸ್ವಂತ ಮಗಳ ಓದಿನ ಮೇಲೂ ಗುಮಾನಿ. ಅವಳು ವಿಶ್ವವಿದ್ಯಾಲಯದಲ್ಲಿ ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲ ಎಂಜಿನಿಯರಿಂಗ್ ಮೂರನೇ ವರ್ಷ.

"ಸೇತುವೆ ಕಟ್ಟೋದು ಎಂಜಿನಿಯರಿಂಗು. ನೀರು, ಮಣ್ಣು, ಕಸ ನೋಡೋಕೆ ನಾಲ್ಕು ವರ್ಷ ಓದ್ಬೇಕಾ? ಯಾರೋ ನಿನ್ನ ಕಿವಿಗೆ ಹೂವಿಟ್ಟಿದ್ದಾರೆ."

ಒಂದು ಮಧ್ಯಾಹ್ನ ಅವಳು ಬಾಟಲಿ ಹಿಡಿದು ಬಣ್ಣದವನ ಅಂಗಳದಿಂದ ಹೊರಬರುವುದನ್ನು ಕಂಡ.

"ಅವನ ಮನೇಲಿ ನಿನಗೇನು ಕೆಲಸ?"

"ಅವರ ಮೋರಿ ನೀರು, ಬಾವಿ ನೀರು, ಎರಡನ್ನೂ ಕಾಲೇಜಲ್ಲಿ ಪರೀಕ್ಷೆ ಮಾಡ್ತೀನಪ್ಪ."

ವಾರದ ನಂತರ ಅವಳು ಹೇಳಿದಳು: "ಬಾವೀಲಿ ಬಣ್ಣದ ಸುಳಿವೇ ಇಲ್ಲ. ಮಲದ ರೋಗಾಣು ಇದೆ. ಯಾವುದೋ ಕಕ್ಕಸಿನ ಗುಂಡಿ ಸೋರ್ತಿದೆ. ನೀರು ಕುದಿಸದೆ ಯಾರೂ ಕುಡೀಬೇಡಿ."

"ಅಂದ್ರೆ ಅವನು ನಿನ್ನನ್ನೂ ಬುಟ್ಟಿಗೆ ಹಾಕ್ಕೊಂಡ!" ಎಂದು ಮೇಸ್ತ್ರಿ ತಟ್ಟೆ ತಳ್ಳಿ ಎದ್ದುಹೋದ.

ಮಗಳೂ ಅರ್ಧಕ್ಕೇ ಎದ್ದು ಹೋಗಿ ಬಾವಿಯಿಂದ ಗುಂಡಿಗಳ ದೂರ ಅಳೆದಳು. ಬಾವಿಗೆ ಎಲ್ಲಕ್ಕಿಂತ ಹತ್ತಿರದ ಗುಂಡಿ ತಮ್ಮ ಮನೆಯದೇ. ಕಟ್ಟಿದ್ದೂ ಅಪ್ಪನೇ. ಅಮ್ಮನಿಗೆ ಮೆಲ್ಲಗೆ ಹೇಳಿದಳು.

"ನಿಮ್ಮಪ್ಪ ಕಟ್ಟಿದ್ರಲ್ಲಿ ಇರುವೆ ನುಗ್ಗೋಕೂ ಸಂದಿ ಇರಲ್ಲ ಕಣೇ."

"ಇಲ್ಲದಿದ್ರೆ ಒಳ್ಳೇದೇ. ನೋಡೇಬಿಡೋಣ ಅಮ್ಮ. ಟೈಲರಮ್ಮನ ಮೊಮ್ಮಗಳು ಮತ್ತೆ ಹಾಸಿಗೆ ಹಿಡಿದಿದ್ದಾಳೆ."

ಅಮ್ಮ ಕುದಿಯುತ್ತಿದ್ದ ನೀರನ್ನು ಒಲೆಯಿಂದ ಇಳಿಸಿದಳು. ಆಮೇಲೆ, "ನೋಡು," ಎಂದಳು.

ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಕಂಡುಹಿಡಿಯಲು ಹಾನಿಯಿಲ್ಲದ ಒಂದು ಹಸಿರು ಬಣ್ಣವಿದೆ. ಕಾಲೇಜಿನ ಮೇಷ್ಟ್ರ ಒಪ್ಪಿಗೆ ಪಡೆದು ಮಗಳು ಅದನ್ನು ತಂದಳು. ಪರೀಕ್ಷೆ ಮುಗಿಯುವವರೆಗೆ ಬಾವಿ ನೀರು ಬಳಸಬೇಡಿ ಎಂದು ಮನೆಮನೆಗೂ ಹೇಳಿ ಬಂದಳು. ಅಮ್ಮನಿಗಷ್ಟೇ ತಿಳಿಸಿ, ಬಣ್ಣವನ್ನು ತಮ್ಮ ಕಕ್ಕಸಿನಲ್ಲಿ ಸುರಿದಳು.

ಮೂರನೇ ಬೆಳಿಗ್ಗೆ ಮೇಸ್ತ್ರಿ ಬಾವಿಗೆ ಬಗ್ಗಿ ನೋಡಿದರೆ ನೀರು ಹಸಿರು! ಒಂದು ಕೊಡ ಸೇದಿಕೊಂಡು ನೇರ ಬಣ್ಣದವನ ಅಂಗಳಕ್ಕೆ ನುಗ್ಗಿದ. ಓಣಿಯೇ ಹಿಂದೆ ಬಂತು.

"ಈಗೇನಂತೀಯೋ?" ಎಂದು ಕೊರಳಪಟ್ಟಿ ಹಿಡಿದ.

"ನಾನು ಹಸಿರು ಬಣ್ಣ ಮುಟ್ಟೇ ತಿಂಗಳಾಯ್ತಣ್ಣ!"

ಮಗಳು ಓಡಿಬಂದು ನಡುವೆ ನಿಂತಳು. "ಬಿಡಪ್ಪ. ಅದು ಅವರ ಬಣ್ಣ ಅಲ್ಲ. ನಾನು ನಮ್ಮ ಕಕ್ಕಸಲ್ಲಿ ಹಾಕಿದ್ದು."

ಮೇಸ್ತ್ರಿಯ ಕೈ ಸಡಿಲವಾಯಿತು.

ಗುಂಡಿಯ ಚಪ್ಪಡಿ ತೆಗೆಸಿದಾಗ ಬಾವಿಯ ಕಡೆಯ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು. ಮೇಸ್ತ್ರಿ ಅದನ್ನೇ ನೋಡುತ್ತ ನಿಂತ. ಸಂಜೆ ಬಣ್ಣದವನ ಬಾಗಿಲಿಗೆ ಹೋಗಿ, "ತಪ್ಪಾಯ್ತು ತಮ್ಮ," ಎಂದ. ಟೈಲರಮ್ಮನ ಮನೆಗೆ ಬೇರೆ ಓಣಿಯಿಂದ ನೀರು ಹೊತ್ತು ತಂದಿಟ್ಟ.

ಹಳೆಯ ಗುಂಡಿಯನ್ನು ಮುಚ್ಚಿಸಿದರು. ಬಾವಿಯಿಂದ ದೂರ, ಇಳಿಜಾರಿನ ಕಡೆ ಮಗಳು ಅಳತೆ ಹಾಕಿದ ಜಾಗದಲ್ಲೇ ಮೇಸ್ತ್ರಿ ಹೊಸದನ್ನು ಕಟ್ಟಿದ. ಬಾವಿಯ ನೀರೆಲ್ಲ ತೋಡಿ ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ, ಮತ್ತೆ ಪರೀಕ್ಷೆ ಮಾಡಿಸಿದ ಮೇಲೆಯೇ ಜನ ಕೊಡ ಇಳಿಬಿಟ್ಟರು. ಮಕ್ಕಳು ಚೇತರಿಸಿಕೊಂಡರು.

ಮುಂದಿನ ವರ್ಷ ಬಣ್ಣದವನು ಕೇಳಿದ: "ಅಣ್ಣ, ನನ್ನ ಮಗಳೂ ಅದನ್ನೇ ಓದ್ತೀನಿ ಅಂತಾಳೆ. ಸೇರಿಸಲಾ?"

"ಕಣ್ಮುಚ್ಚಿ ಸೇರಿಸು," ಎಂದ ಮೇಸ್ತ್ರಿ. "ಆದ್ರೆ ಮೊದಲು ನಿನ್ನ ತಪ್ಪೇ ಹುಡುಕ್ತಾಳೆ. ತಡ್ಕೊಳ್ಳೋಕೆ ತಯಾರಾಗಿರು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾವಿಗೂ ಕಕ್ಕಸಿನ ಗುಂಡಿಗೂ ಎಷ್ಟು ದೂರವಿದೆ? ಇವತ್ತೇ ಅಳೆದು ನೋಡಿ, ನೀರು ಪರೀಕ್ಷೆ ಮಾಡಿಸಿ. ನೀರು, ಮಣ್ಣು, ಗಾಳಿಯ ಬಗ್ಗೆ ಓದುತ್ತೇನೆಂದು ನಿಮ್ಮ ಮಗಳೋ ಮಗನೋ ಹೇಳಿದರೆ ಅನುಮಾನಪಡಬೇಡಿ, ಓದಿಸಿ. ಅನುಮಾನಪಡುವುದಿದ್ದರೆ ಪರೀಕ್ಷೆ ಮಾಡಿಸದ ನೀರಿನ ಮೇಲೆ ಪಡಿ.