ಬೋಲ್ಟಿನ ಮೇಲಿನ ಕೆಂಪು ಗೆರೆ

“ಹೆಣ ನೋಡೋಕೆ ಬಂದ್ಯಾ, ಕೈ ತೋರ್ಸೋಕೆ ಬಂದ್ಯಾ? ನಡಿ ಆಚೆ.”

ಶರಣ್ ಬಾಗಿಲಿಗೆ ಅಡ್ಡ ನಿಂತಿದ್ದ. ಶಾಮಿಯಾನದ ಕೆಳಗೆ ಕೂತಿದ್ದ ನೆಂಟರು, ಸುದ್ದಗುಂಟೆಪಾಳ್ಯದ ಅಕ್ಕಪಕ್ಕದವರು ತಿರುಗಿ ನೋಡಿದರು. ಮೆಟ್ಟಿಲ ಮೇಲಿದ್ದ ಶಶಿಕಾಂತ್ ತನ್ನ ಸುಟ್ಟು ಸುರುಟಿದ ಬಲಗೈಯನ್ನು ಹೂವಿನ ಹಾರದಡಿ ಮುಚ್ಚಿಕೊಂಡ.

“ಮುಖ ನೋಡಿ ಹೋಗ್ತೀನಿ ಗುರು. ಜಗಳಕ್ಕೆ ಬಂದಿಲ್ಲ.”

“ನಿನ್ನಿಂದಾನೇ ನಮ್ಮಪ್ಪ ಕೆಲಸ ಕಳ್ಕೊಂಡಿದ್ದು.”

“ಕೈ ಕಳ್ಕೊಂಡೋನು ನಾನಪ್ಪ.”

ಒಳಗಿನಿಂದ ಕಮಲಾದೇವಿ, ಬರಲಿ ಬಿಡು ಎಂದು ಮಗನನ್ನು ಗದರಿದಳು.

ಶರಣನ ಅಪ್ಪ ಏಕಾಂತಯ್ಯನ ಹೆಣವನ್ನು ಪದ್ಧತಿಯಂತೆ ಗೋಡೆಗೊರಗಿಸಿ, ವಾಲದಂತೆ ಎದೆಗೆ ಪಂಚೆ ಕಟ್ಟಿ ಕೂರಿಸಿದ್ದರು. ಕಾರ್ಖಾನೆಗಳಿಗೆ ಕರೆಂಟು ಹಂಚುವ ಆಳೆತ್ತರದ ಪ್ಯಾನೆಲ್ ತಯಾರಿಸುವ ಕಂಪನಿಯಲ್ಲಿ ಅವನದು ಆಯುಷ್ಯವೆಲ್ಲ ತಪಾಸಣೆಯ ಕೆಲಸ. ಫಿಟ್ಟರ್ ಬೋಲ್ಟು ಬಿಗಿದು ನೀಲಿ ಗೆರೆ ಎಳೆಯಬೇಕು. ಏಕಾಂತಯ್ಯ ಮತ್ತೆ ಸ್ಪಾನರ್ ಹಾಕಿ ನೋಡಿ, ಅದರ ಪಕ್ಕ ಕೆಂಪು ಗೆರೆ ಎಳೆಯಬೇಕು. ಕೆಂಪು ಬಿದ್ದರಷ್ಟೇ ಪ್ಯಾನೆಲ್ ಲಾರಿ ಹತ್ತುವುದು. ಹಾಗೆ ಹತ್ತಿಹೋದ ಒಂದರಲ್ಲಿ ಬೋಲ್ಟು ಸಡಿಲವಿತ್ತು. ಸೈಟಿನಲ್ಲಿ ಕರೆಂಟು ಕೊಟ್ಟ ಕೂಡಲೇ ಅದು ಕಂಪನಿಯ ಎಲೆಕ್ಟ್ರಿಷಿಯನ್ ಶಶಿಕಾಂತನ ಮೇಲೆ ಬೆಂಕಿ ಉಗುಳಿತ್ತು.

*

ಕೆಲಸ ಹೋದ ದಿನ ಏಕಾಂತಯ್ಯ ಊಟಕ್ಕೆ ಕೂತಿದ್ದಾಗ ಕಮಲಾದೇವಿ ಸಾರು ಬಡಿಸುತ್ತಾ ಕೇಳಿದ್ದಳು.

“ನೀವೇ ನೋಡಿದ್ರಾ ಅದನ್ನ?”

“ಕೆಂಪು ಗೆರೆ ಇತ್ತಲ್ಲ. ನಂದೇ.”

ಅದೇ ಕಂಪನಿಯಲ್ಲಿ ಫಿಟ್ಟರ್ ಆಗಿದ್ದ ಶರಣ್ ಎದುರಿಗೆ ಮುದ್ದೆ ಮುರಿಯುತ್ತಿದ್ದ. ತಲೆ ಎತ್ತಲಿಲ್ಲ.

ಅಂದಿನಿಂದ ಕಮಲಾದೇವಿಯ ನಾಲಿಗೆಗೆ ಕಡಿವಾಣವಿರಲಿಲ್ಲ. ಒಬ್ಬನ ಕೈ ಸುಟ್ಟು ಮನೆಯಲ್ಲಿ ಕೂತಿದ್ದಾರೆ ಎಂದು ಬಂದವರ ಮುಂದೆಲ್ಲ, ಗಂಡನಿಗೆ ಕೇಳುವಂತೆಯೇ ಹೇಳುತ್ತಿದ್ದಳು. ಅವನು ಟವೆಲ್ಲು ಕೊಡವಿ ಎದ್ದು, ಬಸ್ಸು ಹತ್ತಿ ಯಡಿಯೂರು ಕೆರೆಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದ.

*

ಶಶಿಕಾಂತ್ ಹಾರ ಹಾಕಿ ಪಾದ ಮುಟ್ಟಿ ಅಲ್ಲೇ ಕುಕ್ಕರಿಸಿದ.

“ಸಿಟ್ಟಿಲ್ಲ ಕಣಮ್ಮ. ಇವರನ್ನ ಒಂದು ಮಾತು ಕೇಳ್ಬೇಕಿತ್ತು, ಆಗ್ಲಿಲ್ಲ. ಆ ಪ್ಯಾನೆಲ್ ಲಾರಿ ಹತ್ತಿದ್ದು ನಿಮ್ಮ ಕಣ್ಣಿನ ಆಪರೇಷನ್ ದಿನ. ಅವತ್ತು ಇವರು ರಜೆ ಹಾಕಿದ್ರು. ಆದ್ರೂ ಸಂಜೆ ಬಂದು ನಾನೇ ಚೆಕ್ ಮಾಡ್ದೆ ಅಂತ ಮ್ಯಾನೇಜರ್ ಮುಂದೆ ಒಪ್ಕೊಂಡ್ರಂತೆ. ಯಾಕಷ್ಟು ಅವಸರ ಬಿದ್ರು?”

ಕಮಲಾದೇವಿ ಗಂಡನ ಮುಖ ನೋಡಿದಳು. ಜಯನಗರದ ಆಸ್ಪತ್ರೆಯಿಂದ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳನ್ನು ಅಂದು ಬಚ್ಚಲಿಗೂ ಕೈಹಿಡಿದೇ ನಡೆಸಿದ್ದ. ಮರುದಿನ ಬೆಳಗಾಗುವವರೆಗೆ ಹೊಸಿಲು ದಾಟಿರಲಿಲ್ಲ. ಆ ಸಂಜೆ ಮನೆಯಲ್ಲಿ ಇಲ್ಲದಿದ್ದವನು ಶರಣ್. ಅರ್ಜೆಂಟಾಗಿ ಮಾಲು ಕಳಿಸಬೇಕು ಎಂದು ಫೋನಿನಲ್ಲಿ ಹೇಳಿದ್ದ.

ಅಷ್ಟರಲ್ಲಿ ಹೊರಗೆ ಹೆಣವನ್ನು ಕೂರಿಸಿ ಹೊರುವ ಹೂವಿನ ವಿಮಾನ ಸಿದ್ಧವಾಯಿತು. ಕ್ರಿಯೆ ಮಾಡಿಸಲು ಬಂದಿದ್ದ ಜಂಗಮಯ್ಯ ಒಳಗೆ ಬಂದು, ಎದೆಗೆ ಕಟ್ಟಿದ ಪಂಚೆ ಬಿಚ್ಚುತ್ತೇನೆ, ಮಗ ತಲೆ ಹಿಡಿದುಕೊಳ್ಳಲಿ ಎಂದರು. ಶರಣ್ ಮಂಡಿಯೂರಿ ಅಪ್ಪನ ತಲೆಗೆ ಎರಡೂ ಕೈ ಕೊಟ್ಟ.

“ಆವತ್ತು ಕೆಂಪು ಗೆರೆ ಎಳೆದಿದ್ದು ಯಾರೋ?” ಎಂದಳು ಕಮಲಾದೇವಿ.

“ಈಗ ಅದೆಲ್ಲ ಬೇಕಾ?”

“ಬೇಕು. ಅವರು ನನ್ನ ಪಕ್ಕದಲ್ಲಿದ್ರು.”

ಜಂಗಮಯ್ಯನ ಕೈ ಗಂಟಿನ ಮೇಲೆ ನಿಂತಿತು. ಶಶಿಕಾಂತ್ ಮೆಲ್ಲಗೆ ಎದ್ದು ನಿಂತ.

“ಲಾರಿ ಕಾಯ್ತಿತ್ತಮ್ಮ,” ಎಂದ ಶರಣ್.

“ನನ್ನ ಬಾಯಿಗೆ ಹಾಕಿ ಸಾಯಿಸಿದ್ಯಲ್ಲೋ ಅವರನ್ನ. ಇಲ್ಲಿ ನಿಂತಿದಾನಲ್ಲ, ಇವನಿಗೆ ಹೇಳು. ಹೇಳಿ ಆಮೇಲೆ ಹೆಗಲು ಕೊಡು.”

ಶರಣ್ ಶಶಿಕಾಂತನತ್ತ ನೋಡಲಿಲ್ಲ. ಕೈ ತೆಗೆದು, ಎದ್ದು, ಶಾಮಿಯಾನದ ಜನರ ನಡುವೆ ದಾರಿ ಮಾಡಿಕೊಂಡು ಹೋದ. ಬೈಕು ಸ್ಟಾರ್ಟ್ ಆದ ಸದ್ದು ಕೇಳಿತು. ಈಗ ಬರುತ್ತಾನೆ ಎಂದರು ಯಾರೋ. ಕಾದರು. ಫೋನು ಮಾಡಿದರು, ಸ್ವಿಚ್ ಆಫ್.

ಆಸರೆ ತಪ್ಪಿದ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಕಮಲಾದೇವಿ ಸರಿದು ಕೂತು ಅದಕ್ಕೆ ಹೆಗಲು ಕೊಟ್ಟಳು. ಹಣೆಯ ವಿಭೂತಿ ಅವಳ ಸೀರೆಗೆ ಮೆತ್ತಿಕೊಂಡಿತು. ಬಿಚ್ಚಿ ಸ್ವಾಮಿ ಎಂದಳು.